ಅಕ್ಕನ ಐಸ್ ಹಾಕಿ ಬ್ಯಾಗಿನ ನಾತ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ನಾತವಿತ್ತು. ಬೆಕ್ಕಿನದಲ್ಲ, ಚರಂಡಿಯದಲ್ಲ, ಅಕ್ಕನ ಐಸ್ ಹಾಕಿ ಬ್ಯಾಗಿನದು. ಒದ್ದೆ ಕಾಲುಚೀಲ, ಹಳೇ ಚರ್ಮ, ಹುಳಿ ಮೀರಿದ ದೋಸೆ ಹಿಟ್ಟು, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟು ವಾರ ಬಿಟ್ಟು ತೆಗೆದರೆ ಹೇಗಿರುತ್ತದೋ ಹಾಗೆ. ನೀವು ಮೂಗು ಮುಚ್ಚಿಕೊಂಡು ನಗುತ್ತೀರಿ, ಗೊತ್ತು. ನಗಿ ಮಕ್ಕಳೇ. ಆದರೆ ಆ ನಾತಕ್ಕಾಗಿಯೇ ನಾನು ಒಂದು ಇಡೀ ದಿನ ಮೆಟ್ಟಿಲ ಮೇಲೆ ಕೂತು ದೇವರನ್ನು ಬೇಡಿಕೊಂಡಿದ್ದೆ.

ಆಗ ನಾವು ಐರ್ಲೆಂಡಿನ ಡನ್‌ಡಾಕ್‌ನಲ್ಲಿದ್ದೆವು. ಅಪ್ಪ ಪಕ್ಕದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಕ್ಕ ನನಗಿಂತ ತುಂಬಾ ದೊಡ್ಡವಳು. ಡಬ್ಲಿನ್ನಿನಲ್ಲಿ ಓದುತ್ತಾ ಅಲ್ಲಿನ ಯೂನಿವರ್ಸಿಟಿಯ ಹುಡುಗಿಯರ ಐಸ್ ಹಾಕಿ ತಂಡದಲ್ಲಿ ಗೋಲ್‌ಕೀಪರ್ ಆಗಿದ್ದಳು. ಮಂಜುಗಡ್ಡೆಯ ನೆಲ, ಕಾಲಿಗೆ ಸ್ಕೇಟು, ಚೆಂಡಿನ ಬದಲು ಕಲ್ಲಿನಂಥ ರಬ್ಬರ್ ಬಿಲ್ಲೆ. ಅದು ಗುಂಡಿನಂತೆ ಬರುವಾಗ ಎದುರಿಗೆ ನಿಲ್ಲುವುದು ಅಕ್ಕನ ಕೆಲಸ. ಆಡಲು ನಮ್ಮ ಕಡೆ ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳ, ಇರಲಿಲ್ಲ, ಗಡಿ ದಾಟಿ ಉತ್ತರ ಐರ್ಲೆಂಡಿಗೆ ಹೋಗಬೇಕಿತ್ತು. ಕೊರೊನಾ ಬಂತು, ಯೂನಿವರ್ಸಿಟಿ ಮುಚ್ಚಿತು, ರಿಂಕೂ ಮುಚ್ಚಿತು. ಅಕ್ಕ ಆ ಬ್ಯಾಗನ್ನು ಎಳೆದುಕೊಂಡು ಮನೆಗೆ ಬಂದಳು.

ಅವಳ ತಂಡಕ್ಕೆಲ್ಲ ಗೋಲ್‌ಕೀಪರ್ ಸಾಮಾನು ಇದ್ದದ್ದು ಅದೊಂದೇ ಜೊತೆ. ಹುಡುಗರ ಪ್ರಾಕ್ಟೀಸನ್ನು ಬೆಂಚಿನ ಮೇಲೆ ಕೂತು ನೋಡಿ ನೋಡಿ ಬೇಸತ್ತ ಕೆಲವು ಹುಡುಗಿಯರು ತಮ್ಮದೇ ತಂಡ ಕಟ್ಟಿದಾಗ, ಗಡಿಯಾಚೆ ಯಾರೋ ಗಂಡಸರು ಬಿಸಾಡಲು ಇಟ್ಟಿದ್ದನ್ನು ಕೇಳಿ ತಂದದ್ದಂತೆ. ಬಸ್ಸಿನ ಡ್ರೈವರ್ ಮೂಸಿ ನೋಡಿ ಒಳಗೆ ಬಿಡಲಿಲ್ಲವಂತೆ, ಕೆಳಗೆ ಲಗೇಜಿನ ಗೂಡಿಗೆ ಹಾಕಿಸಿದನಂತೆ. ಆಮೇಲೆ ಒಬ್ಬಳಾದ ಮೇಲೆ ಒಬ್ಬಳು ಗೋಲ್‌ಕೀಪರ್ ಅದನ್ನೇ ತೊಟ್ಟು ಅದರೊಳಗೇ ಬೆವರಿದ್ದರು.

"ಇದು ನಾತ ಅಲ್ಲಮ್ಮ, ನಮ್ ಟೀಮ್‌ದು ಹಿಸ್ಟರಿ" ಎನ್ನುತ್ತಿದ್ದಳು ಅಕ್ಕ.

"ನಿನ್ ಹಿಸ್ಟರಿನ ಶೆಡ್ಡಲ್ಲಿಡು" ಎನ್ನುತ್ತಿದ್ದರು ಅಮ್ಮ.

ಶೆಡ್ಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆಂದು ಕೊನೆಗೆ ಮಹಡಿಯ ಪುಟ್ಟ ಕೋಣೆಗೆ ಸೇರಿಸಿದರು. ಆಯುಧಪೂಜೆಯ ದಿನ ಅಮ್ಮ ಕತ್ತರಿ, ಮಿಕ್ಸಿ, ಕಾರು ಎಲ್ಲಕ್ಕೂ ಕುಂಕುಮವಿಟ್ಟರು. ಬ್ಯಾಗು ತರಲೇ ಎಂದು ಅಕ್ಕ ಕೇಳಿದ್ದಕ್ಕೆ, "ಬೇಡಮ್ಮ, ತಾಯಿ ಚಾಮುಂಡಿ ಮೂಗು ಮುಚ್ಕೊಂಡು ಎದ್ದು ಹೋಗ್ತಾಳೆ" ಅಂದುಬಿಟ್ಟರು.

ಕ್ರಿಸ್‌ಮಸ್ ಆದ ಮೇಲೆ ಅಪ್ಪನಿಗೆ ಕಾಯಿಲೆ ತಗುಲಿತು. ಅಪ್ಪ ನೇರ ಆ ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬ್ಯಾಗು ಒಳಗೇ ಉಳಿಯಿತು. ತರಲು ಯಾರೂ ಒಳಗೆ ಹೋಗುವಂತಿರಲಿಲ್ಲ. ಆ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ವಾಸನೆಯೇ ತಿಳಿಯದಂತಾಗುತ್ತಿತ್ತು. ಹಾಗಾಗಿ ಅಕ್ಕ ದಿನಾ ಬೆಳಿಗ್ಗೆ ಬಾಗಿಲ ಹೊರಗೆ ನಿಂತು ಕೂಗುತ್ತಿದ್ದಳು, "ಅಪ್ಪಾ, ವಾಸ್ನೆ ಬರ್ತಾ ಐತಾ?"

"ಬರ್ದೆ ಏನು ಕಣವ್ವ? ನಿಮ್ ಗೋಲ್‌ಕೀಪರ್‌ಗಳೆಲ್ಲಾ ನನ್ ದಿಂಬಿನ ಮೇಲೇ ಕೂತವ್ರೆ!"

ನಾವು ನಗುತ್ತಿದ್ದೆವು. ಆಮೇಲೊಂದು ಬೆಳಿಗ್ಗೆ ಅಪ್ಪ, "ಬ್ಯಾಗ್ನ ಯಾವಾಗ ತಗೊಂಡೋದ್ರಿ?" ಎಂದು ಕೇಳಿದರು. ಬ್ಯಾಗು ಅವರ ಪಕ್ಕದಲ್ಲೇ ಇತ್ತು. ಅಕ್ಕ ನಗಲಿಲ್ಲ. ಅಲ್ಲಿಂದ ಮುಂದೆ ಕೆಮ್ಮು ಎದೆಗಿಳಿಯಿತು.

ನಾನು ಹೇಳಬೇಕಾದ ದಿನ ಸಂಕ್ರಾಂತಿ. ಹೊರಗೆ ಇಬ್ಬನಿ ಗಟ್ಟಿಯಾಗಿ ಕಾರಿನ ಗಾಜು ಬೆಳ್ಳಗಾಗಿತ್ತು. ಅಮ್ಮ ಎಳ್ಳು ಹುರಿಯುತ್ತಿದ್ದರು, ಆದರೆ ಕಿವಿಯೆಲ್ಲ ಮಹಡಿಯ ಕಡೆಗಿತ್ತು. ಎಳ್ಳು ಸೀದು ಹೊಗೆ ಎದ್ದಿತು. ಅಪ್ಪನ ಬಾಗಿಲ ಮೇಲೇ ಇದ್ದ ಹೊಗೆಯ ಅಲಾರಂ ಕಿರುಚಲು ಶುರುಮಾಡಿತು. ಅದು ಕೂಗಿದರೆ ಬೀದಿಯೇ ಎಚ್ಚರವಾಗಬೇಕು. ಅಕ್ಕ ಕುರ್ಚಿ ಹತ್ತಿ ಅದನ್ನು ನಿಲ್ಲಿಸಿದಳು. ಒಳಗಿನಿಂದ ಸದ್ದೇ ಇಲ್ಲ. ಕೆಮ್ಮೂ ಇಲ್ಲ.

"ಅಪ್ಪಾ!" ಅಕ್ಕ ಬಾಗಿಲು ಬಡಿದಳು. "ಅಪ್ಪಾ!"

ನನ್ನ ಕೈಯಲ್ಲಿ ಅಮ್ಮ ಕೊಟ್ಟ ಸಕ್ಕರೆ ಅಚ್ಚಿನ ಗಿಳಿಯಿತ್ತು. ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಎಷ್ಟೋ ಹೊತ್ತಾದ ಮೇಲೆ, ಬಾವಿಯೊಳಗಿಂದ ಬಂದಂತೆ, "ಏನು... ಸದ್ದು..." ಎಂದು ಕೇಳಿಸಿತು.

ಅಪ್ಪ ಬೆರಳಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಆಕ್ಸಿಜನ್ ಮೀಟರಿನ ಅಂಕಿಯನ್ನು ಓದಿ ಹೇಳಿದರು. ಅಕ್ಕ ಅದನ್ನು ಫೋನಿನಲ್ಲಿ ಡಾಕ್ಟರಿಗೆ ಹೇಳಿದಳು. ಇದಕ್ಕಿಂತ ಕೆಳಗಿಳಿದರೆ, ಉಸಿರಿಗೆ ತೊಂದರೆಯಾದರೆ, ತಡಮಾಡದೆ ಆಂಬುಲೆನ್ಸ್ ಕರೆಯಿರಿ ಎಂದರು ಅವರು.

ಆಂಬುಲೆನ್ಸ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಅಪ್ಪ ಹಿಂದೊಮ್ಮೆ ಅಡಿಗೆಮನೆಯಲ್ಲಿ ಅಮ್ಮನಿಗೆ ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆಸ್ಪತ್ರೆಗೆ ಬಂದವರ ಜೊತೆ ಮನೆಯವರು ಯಾರೂ ಬರುವಂತಿರಲಿಲ್ಲ. ಕಡೆಗಾಲದಲ್ಲಿ ಅವರ ಮುಖದೆದುರು ಫೋನು ಹಿಡಿದು ಮಕ್ಕಳನ್ನು ತೋರಿಸುವ ಕೆಲಸ ಅಪ್ಪನದಾಗಿತ್ತು. ಅಪ್ಪನಿಗೆ ಯಾರು ಫೋನು ಹಿಡಿಯುತ್ತಾರೆ ಎಂದು ಯೋಚಿಸಿದೆ. ಆಮೇಲೆ ಬೇರೇನೂ ಯೋಚಿಸಲು ಆಗಲಿಲ್ಲ.

ಅಮ್ಮ ಕೆಳಗೆ ಕಿಟಕಿ ತೆರೆದು, ಹೊಗೆ ಅಪ್ಪನ ಕಡೆ ಏರದೆ ಆಚೆ ಹೋಗುವ ಹಾಗೆ ಊದುಬತ್ತಿ ಹಚ್ಚಿ ಚಾಮುಂಡಿಯ ಫೋಟೋದ ಮುಂದೆ ಕೂತರು. ಎದುರುಮನೆಯ ಮುದುಕಿ ಗೇಟಿನ ಗೋಡೆಯ ಮೇಲೆ ಬಿಸಿ ಸೋಡಾ ಬ್ರೆಡ್ ಇಟ್ಟು ಹಿಂದೆ ಸರಿದು, ಎಲ್ಲಾ ಗ್ರ್ಯಾಂಡ್ ಆಗುತ್ತದೆ ಎಂದು ಕೂಗಿ ಹೇಳಿದಳು. ಅಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಸರಿಹೋಗುತ್ತದೆ ಎಂದು. ನಾನು ಹೋಗಿ ತಂದ ಆ ಬ್ರೆಡ್ಡಿನ ಬಿಸಿ ಇವತ್ತಿಗೂ ನನ್ನ ಅಂಗೈಯಲ್ಲಿದೆ. ಅಂಥ ದಿನವೂ ದೇವರು ನಮ್ಮನ್ನು ಬರಿಗೈಯಲ್ಲಿ ಬಿಡಲಿಲ್ಲ.

ಅಕ್ಕ ಬಾಗಿಲಿಗೆ ಎದುರಾಗಿ, ಗೋಲಿನ ಮುಂದೆ ನಿಂತವಳಂತೆ ಮಂಡಿ ಬಗ್ಗಿಸಿ ಕೂತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಅವಳ ಕಾಲಿಗೆ ಆತುಕೊಂಡೆ.

"ಅಕ್ಕಾ, ನಂಗೆ ಹೆದ್ರಿಕೆ ಆಗ್ತಿದೆ."

"ನಂಗೂ" ಎಂದಳು. ಅದನ್ನು ಕೇಳಿ ನನಗೆ ಇನ್ನೂ ಭಯವಾಯಿತು. ಅವಳು ಬಾಗಿಲಿನಿಂದ ಕಣ್ಣು ತೆಗೆಯದೆ ಹೇಳಿದಳು, "ನಮ್ ಟೀಮಿನ ಫಸ್ಟ್ ಗೋಲ್‌ಕೀಪರ್ ಇದ್ಲಲ್ಲ, ಪ್ರತಿ ಮ್ಯಾಚಿಗೆ ಮುಂಚೆ ಹೆದ್ರಿ ವಾಂತಿ ಮಾಡ್ತಿದ್ಲಂತೆ. ಬಾಯಿ ತೊಳ್ಕೊಂಡು ಹೋಗಿ ನಿಂತ್ಕೋತಿದ್ಲಂತೆ. ಹೆದ್ರಿಕೆ ಹೋಗ್ಲಿ ಆಮೇಲೆ ಆಡೋಣ ಅಂತ ಕೂತಿದ್ರೆ ಟೀಮೇ ಇರ್ತಿರ್ಲಿಲ್ಲ ಕಣೇ. ಕಣ್ಣು ಮಾತ್ರ ಮುಚ್ಬಾರ್ದು, ಅಷ್ಟೇ."

ನಾನು ಕಣ್ಣು ಮುಚ್ಚಲಿಲ್ಲ. ಬಾಗಿಲನ್ನೇ ನೋಡುತ್ತಾ ಕೂತೆ. ಕೆಮ್ಮು ಬಂದರೆ ಭಯ, ನಿಂತರೆ ಇನ್ನೂ ಭಯ. 'ತಾಯೀ, ಅಪ್ಪನಿಗೆ ಆ ನಾತ ವಾಪಸ್ ಕೊಡು. ಅಲ್ಲೀವರೆಗೆ ನಾನು ಈ ಗಿಳಿ ತಿನ್ನಲ್ಲ' ಎಂದು ಹರಕೆ ಹೊತ್ತೆ. ಗಿಳಿ ಕೈಯಲ್ಲಿ ಕರಗಿ ಅಂಟಂಟಾಯಿತು. ಅಕ್ಕ ಆಗಾಗ ಅಂಕಿ ಕೇಳುತ್ತಿದ್ದಳು. ಅದು ಏರಲಿಲ್ಲ. ಇಳಿಯಲೂ ಇಲ್ಲ.

ಅಲ್ಲಿ ಚಳಿಗಾಲದಲ್ಲಿ ಕಾಫಿಯ ಹೊತ್ತಿಗೇ ಕತ್ತಲು ಕವಿಯುತ್ತದೆ. ಅಮ್ಮ ಮತ್ತೆ ಹೊಸದಾಗಿ ಎಳ್ಳು ಹುರಿದು, ಕೊಬ್ಬರಿ ಬೆಲ್ಲ ಬೆರೆಸಿ ತಟ್ಟೆಯಲ್ಲಿಟ್ಟು ಬಾಗಿಲ ಬಳಿ ತಂದರು. ಆಗ ಒಳಗೆ ಮಂಚ ಕಿರುಗುಟ್ಟಿತು. ಅಪ್ಪನ ದನಿ ಗಡಸಾಗಿ ಕೇಳಿಸಿತು.

"ಲೇ... ಉಸಿರು ಕಟ್ತಾ ಐತೆ..."

ಅಮ್ಮನ ಕೈಯಿಂದ ತಟ್ಟೆ ಜಾರಿತು. ಎಳ್ಳು, ಕೊಬ್ಬರಿ, ಬೆಲ್ಲ ಮೆಟ್ಟಿಲ ಮೇಲೆಲ್ಲ ಚೆಲ್ಲಿ ಉರುಳಿದವು. ಅಕ್ಕ ಫೋನು ಹಿಡಿದು ಎದ್ದು ನಿಂತಳು. ನಾನು ಅತ್ತೆನೋ ಕೂಗಿದೆನೋ ನೆನಪಿಲ್ಲ. ಒಳಗೆ ಕೆಮ್ಮು, ಮತ್ತೆ ಕೆಮ್ಮು. ಆಮೇಲೆ:

"...ಈ ದರಿದ್ರ ನಾತಕ್ಕೆ ಕಣ್ರೇ! ಈ ಬ್ಯಾಗ್ನ ಆಚೆಗೆ ಬಿಸಾಕ್ಲೋ ಬ್ಯಾಡ್ವೋ?"

ಅಕ್ಕ ಬಾಗಿಲಿಗೆ ಹಣೆಯೊತ್ತಿ, "ಅಪ್ಪಾ, ಏನ್ ವಾಸ್ನೆ? ಕರೆಕ್ಟಾಗಿ ಹೇಳಿ!" ಎಂದಳು.

"ಸತ್ತ ಹೆಗ್ಗಣ ಸಾಕ್ಸ್ ಹಾಕ್ಕೊಂಡಂಗೈತೆ!"

ಅಕ್ಕ ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ಇಡೀ ದಿನ ಅವಳು ಒಂದು ಹನಿಯೂ ಅತ್ತಿರಲಿಲ್ಲ. ಅಮ್ಮ ಚೆಲ್ಲಿದ ಎಳ್ಳನ್ನು ಸೆರಗಿಗೆ ಬಳಿದುಕೊಳ್ಳುತ್ತಾ, "ಸಂಕ್ರಾಂತಿ ದಿನ ಒಳ್ಳೆ ಮಾತಾಡ್ಬೇಕು ಅಂತಾರೆ. ಇದಕ್ಕಿಂತ ಒಳ್ಳೆ ಮಾತು ಇನ್ಯಾವ್ದಿದೆ" ಎಂದರು. ನಾನು ಅಂಗೈಗೆ ಅಂಟಿದ್ದ ಗಿಳಿಯನ್ನು ನೆಕ್ಕಿ ತಿಂದೆ.

ವಾಸನೆ ಬಂದರೆ ಕಾಯಿಲೆ ಹೋಯಿತೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಅಪ್ಪನ ಕೆಮ್ಮು ಬೇಸಿಗೆಯವರೆಗೂ ಉಳಿಯಿತು. ಆದರೆ ಆ ಸಂಜೆಯಿಂದ ಮೀಟರಿನ ಅಂಕಿ ಮೆಲ್ಲಮೆಲ್ಲಗೆ ಏರಿತು, ಆಂಬುಲೆನ್ಸ್ ಬರಲಿಲ್ಲ. ನಮಗೆ ಅಷ್ಟು ಸಾಕಾಗಿತ್ತು. ಮುಂದಿನ ಆಯುಧಪೂಜೆಗೆ ಅಮ್ಮನೇ ಆ ಬ್ಯಾಗನ್ನು ಎಳೆದು ತಂದು, ಜಿಪ್ಪು ತೆರೆದು, ಗೋಲ್‌ಕೀಪರ್ ಮುಖವಾಡದ ಹಣೆಗೆ ಕುಂಕುಮವಿಟ್ಟರು. ಚಾಮುಂಡಿ ಎದ್ದು ಹೋಗಲಿಲ್ಲ.

ಈಗ ನೋಡಿ ಮಕ್ಕಳೇ, ನಿಮಗೆ ಗಡಿ ದಾಟುವ ಕಷ್ಟವಿಲ್ಲ, ಊರಲ್ಲೇ ರಿಂಕ್ ಇದೆ. ಬಾಗಿಲ ಆಚೆ ತಟ್ಟೆಯಿಟ್ಟು ಹಿಂದೆ ಸರಿಯುವ ಕಾಲ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನನ್ನ ದೊಡ್ಡ ಮೊಮ್ಮಗಳು ಅಕ್ಕನ ಅದೇ ಯೂನಿವರ್ಸಿಟಿಯ ತಂಡದಲ್ಲಿ ಆಡುತ್ತಾಳೆ. ಅಕ್ಕನ ಆ ಹಳೇ ಪ್ಯಾಡುಗಳನ್ನು ತಂಡದವರು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ. ಗಾಜಿನೊಳಗಿಟ್ಟರೆ ಮೂಗಿಗೆ ಏನು ತಿಳಿದೀತು!

ಪ್ರಾಕ್ಟೀಸ್ ಮುಗಿಸಿ ಬಂದಾಗ ಅವಳು ಅಜ್ಜಿಗೆ ನಾತ ಬಡಿಯದಿರಲಿ ಎಂದು ತನ್ನ ಬ್ಯಾಗನ್ನು ಹಿತ್ತಲಲ್ಲೇ ಬಿಡುತ್ತಾಳೆ. ಪುಟ್ಟೀ, ಅಲ್ಲಿ ಬಿಡಬೇಡ ಕಂದ, ಇಬ್ಬನಿ ಬೀಳುತ್ತದೆ. ತಂದು ನನ್ನ ಮಂಚದ ಪಕ್ಕದಲ್ಲಿಡು. ಬೆಳಿಗ್ಗೆ ಎದ್ದ ತಕ್ಷಣ ನನಗೆ ಅದರ ವಾಸನೆ ಬರಬೇಕು.