ಹನ್ನೆರಡು ದಿನಗಳ ಅಂತರ

ಕಾಕಾ, ಆ ಪತ್ರವನ್ನು ನೀವು ಸರಿಯಾಗಿಯೇ ಓದಿದ್ದಿರಿ. ತಪ್ಪಿದವಳು ನಾನು — ತಪ್ಪು ಗೊತ್ತಾದ ಮೇಲೂ ನಾಲ್ಕು ವರ್ಷ ಸುಮ್ಮನಿದ್ದವಳೂ ನಾನೇ.

೨೦೧೩ರಲ್ಲಿ ನಾನು ನೆಪೋಲಿಯನ್ನನ ವಿರುದ್ಧ ಹೋರಾಡಿದ ರಷ್ಯನ್ ಸೇನಾಧಿಕಾರಿಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೆ. ಅವರ ಕೈಬರಹ ನನಗೆ ಓದಲು ಬರುತ್ತಿರಲಿಲ್ಲ. ಹರೆಯದಲ್ಲಿ ರಷ್ಯಾದಲ್ಲಿ ವೈದ್ಯಕೀಯ ಓದಿ, ಇಲ್ಲಿನ ಬ್ರಿಟಿಷ್ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾಗಿದ್ದ ನೀವು, ಸ್ಟ್ಯಾನ್ಮೋರ್‌ನ ಮನೆಯಲ್ಲಿ ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದಿ ಹೇಳುತ್ತಿದ್ದಿರಿ. "ಈ ಲೆಫ್ಟಿನೆಂಟನ ಅಕ್ಷರ ನೋಡ ತಂಗಿ, ನನ್ನ ಪ್ರಿಸ್ಕ್ರಿಪ್ಶನ್‌ಕಿಂತ ಹೊಲಸ ಅದ!"

ಆ ಲೆಫ್ಟಿನೆಂಟ್ ಜರ್ಮನಿಯ ಲೈಪ್ಜಿಗ್‌ನಿಂದ ತಾಯಿಗೆ ಬರೆದ ಪತ್ರ ಅದು. ಯುದ್ಧ ಮುಗಿಯಿತು, ಬದುಕಿದ್ದೇನೆ ಎಂಬ ಒಕ್ಕಣೆ. ನೀವು ಓದಿದ ತಾರೀಕು ಮಾತ್ರ ಯುದ್ಧ ಶುರುವಾಗುವುದಕ್ಕೆ ಎಂಟು ದಿನ ಮುಂಚಿನದು. ಹ್ಯಾರೋದ ಕನ್ನಡದವರ ಕೂಟದಲ್ಲಿ ನೀವದನ್ನು ಓದುತ್ತಿದ್ದಾಗ ನಾನು ಎದ್ದುನಿಂತೆ — ಎದ್ದೆನೋ, ಕೂತೇ ಅಂದೆನೋ, ನನ್ನ ನೆನಪನ್ನು ನಾನು ನಂಬಲಾರೆ. ಆಡಿದ ಮಾತು ಮಾತ್ರ ಹಾಗೇ ಇದೆ: "ಕಾಕಾ, ಇನ್ನೂ ಶುರುವೇ ಆಗದ ಯುದ್ಧಾನ ಮುಗಿಸಿಬಿಟ್ರಲ್ಲ! ಸ್ವಲ್ಪ ರೆಸ್ಟ್ ತಗೊಳ್ಳಿ."

ಎಲ್ಲರೂ ನಕ್ಕರು. ನೀವು ಕನ್ನಡಕ ಒರೆಸಿಕೊಂಡು ಹಾಳೆಯನ್ನು ಮತ್ತೆ ನೋಡಿದಿರಿ. "ಇರಬೇಕವಾ. ಈಚೀಗೆ ತಲಿ ನೆಟ್ಟಗ ಕೆಲಸ ಮಾಡವಲ್ದು."

ವಾರದೊಳಗೆ ನನಗೆ ತಿಳಿಯಿತು. ರಷ್ಯಾದ ಕ್ಯಾಲೆಂಡರ್ ಆಗ ಜರ್ಮನಿಯದಕ್ಕಿಂತ ಹನ್ನೆರಡು ದಿನ ಹಿಂದಿತ್ತು. ಅಷ್ಟು ನನಗೆ ಮೊದಲೇ ಗೊತ್ತಿತ್ತು — ಆದರೆ ಜರ್ಮನಿಯಲ್ಲಿ ಕೂತು ಬರೆಯುವವನು ಅಲ್ಲಿನ ತಾರೀಕನ್ನೇ ಹಾಕುತ್ತಾನೆಂದುಕೊಂಡಿದ್ದೆ. ಅವನು ತನ್ನ ಊರಿನದನ್ನೇ ಹಾಕಿದ್ದ. ಪತ್ರ ನಾಲ್ಕು ದಿನದ ಆ ಯುದ್ಧ ಮುಗಿದ ಮರುದಿನದ್ದು.

ಪ್ರಬಂಧದಲ್ಲಿ ಸದ್ದಿಲ್ಲದೆ ತಿದ್ದಿಕೊಂಡೆ. ನಿಮಗೆ ಫೋನ್ ಮಾಡಲು ಮೊದಲು ನಾಚಿಕೆ. ಆಮೇಲೆ — ಆಮೇಲಿನದಕ್ಕೆ ಹೆಸರಿಲ್ಲ.

ನೀವು ರಷ್ಯನ್ ಪುಸ್ತಕಗಳನ್ನೆಲ್ಲ ಚಾರಿಟಿ ಅಂಗಡಿಗೆ ಕೊಟ್ಟಿರಿ. ಕಾರು ಬಿಟ್ಟಿರಿ. ಫ್ಯಾಮಿಲಿ ಡಾಕ್ಟರ ಬಳಿ ಹೋಗಿ ನೀವಾಗಿಯೇ ಮರೆವಿನ ಪರೀಕ್ಷೆ ಕೇಳಿದಿರಿ. "ಡಾಕ್ಟರು ಏನೂ ಇಲ್ಲಂದ್ರವಾ," ಎಂದು ಕಾಕಿ ಫೋನಿನಲ್ಲಿ ಅತ್ತರು. "ಇವರು ಒಪ್ಪವಲ್ರು. ಕೂಟದಾಗ ನೀನೂ ನೋಡಿದ್ಯಲ್ಲ, ಅಂತಾರ." ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ಭಾನುವಾರ ಬಂದು ಎಲ್ಲವನ್ನೂ ಹೇಳಿದೆ. ಎರಡು ಕ್ಯಾಲೆಂಡರ್‌ಗಳನ್ನು ಪಕ್ಕಪಕ್ಕ ಬರೆದು ತೋರಿಸಿದೆ. ನೀವು ನನ್ನ ಕೈ ತಟ್ಟಿದಿರಿ. "ಮುದುಕನ ಸಮಾಧಾನಕ್ಕ ಎಷ್ಟ ಚಂದ ಸುಳ್ಳ ಹೇಳ್ತೀ."

ಅಂದು ಒಂದೇ ಮಾತಿಗೆ ನಂಬಿದ್ದಿರಿ, ಕಾಕಾ.

ಮುಂದಿನ ತಿಂಗಳ ಕೂಟದಲ್ಲಿ, ನಕ್ಕವರೆಲ್ಲರ ಎದುರಿಗೆ ಹೇಳುತ್ತೇನೆ. ನೀವು ಬರುವುದಿಲ್ಲವೆಂದು ಕಾಕಿ ಹೇಳಿದ್ದಾರೆ. ಆದರೂ ಹೇಳುತ್ತೇನೆ.