ತಡಿ ಅಂದ ಮಾತಿಗೆ

ಸಿಟ್ಟು ಇನ್ನೂ ಇಳಿದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೊಮ್ಮಗಳು ಹುಟ್ಟಿದ ಸುದ್ದಿ ಬರೆಯಲು ಕೂತಿದ್ದೇನೆ, ಸಂತೋಷ ಹೊಟ್ಟೆಯಲ್ಲಿ ಹಿಡಿಸದೆ ಗಂಟಲಿಗೆ ಬಂದಿದೆ. ಆದರೆ ಪೆನ್ನು ಹಿಡಿದ ಕೂಡಲೇ ಕಣ್ಣ ಮುಂದೆ ಬರುವುದು ಕೂಸಲ್ಲ, ಆ ಹಾಳಾದ ಗಾಜು. ಎರಡನೇ ಇಯತ್ತೆ ಕಲಿತವಳು ನಾನು. ಅಕ್ಷರ ನಿಧಾನ, ಸಿಟ್ಟು ಜಲ್ದಿ. ಎರಡೂ ಇದ್ದ ಹಾಗೆಯೇ ಬರಲಿ.

ನನ್ನ ಬೆರಳುಗಳ ವಿಷಯ ಮೊದಲು. ಗದಗ ಕಡೆ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಬದುಕಿದವಳು ನಾನು. ಮದುವೆಯಾದ ಮರುವರ್ಷ ಒಲೆಯ ಮುಂದೆ ಕೂತೆ, ಮಗಳಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕ ಮೇಲೆ ಎದ್ದೆ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವಿ ತಿರುವಿ ಬೆರಳ ತುದಿಯ ತೊಗಲು ಒಣ ಕೊಬ್ಬರಿ ಬಟ್ಟಲಿನಂತಾಗಿದೆ. ಗೆರೆಗಳು ಕೂಡ ಅಳಿಸಿ ಹೋಗಿವೆ. ಕುದಿಯುವ ಚಹಾದ ಲೋಟ ಹಿಡಿದರೂ ನನಗೆ ಬಿಸಿ ಅನ್ನಿಸುವುದಿಲ್ಲ. ಇದರಿಂದ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ, ಎಲ್ಲದಕ್ಕೂ ಗಾಜು ಬರುವ ತನಕ.

ಅಳಿಯ ನೇವಿಯಲ್ಲಿದ್ದಾರೆ, ವಿಶಾಖಪಟ್ಟಣದಲ್ಲಿ. ಮಗಳಿಗೆ ವರ್ಗವಾಗಿದ್ದು ವಿಜಯವಾಡಕ್ಕೆ. ಗಂಡ ಒಂದೂರು, ಹೆಂಡತಿ ಒಂದೂರು, ನಡುವೆ ರೈಲು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಕಡೆಗೆ ಬಸಿರಾದಳು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕಾದ್ದು ಪದ್ಧತಿ, ಆದರೆ ಅಷ್ಟು ದೂರದ ಪ್ರಯಾಣ ಬೇಡವೆಂದರು ಡಾಕ್ಟರು. ರಜೆ ಹಾಕಿ ವಿಶಾಖಪಟ್ಟಣದ ಮನೆಗೆ ಬರುತ್ತೇನೆ, ನೀನು ಮುಂಚೆ ಹೋಗಿರು ಎಂದಳು ಮಗಳು. ಮಗಳು ತವರಿಗೆ ಬರದಿದ್ದರೆ ಏನಾಯಿತು, ತವರೇ ಗಂಟು ಕಟ್ಟಿಕೊಂಡು ಹೊರಟಿತು. ಜೋಳದ ಹಿಟ್ಟು, ಬಾಣಂತಿಗೆ ಉಂಡಿ ಕಟ್ಟಲು ಅಂಟು, ಒಣಕೊಬ್ಬರಿ, ಮತ್ತು ಕೂಸಿನ ತಲೆ ಕಿವಿ ಮುಚ್ಚಿ ಬೆನ್ನ ಮೇಲೆ ಇಳಿಯುವ ಒಂದು ಕುಂಚಿಗೆ. ಮಗಳು ಒಮ್ಮೆ ಮಂಗಳಗಿರಿಯ ನೂಲಿನ ಸೀರೆ ಕಳಿಸಿದ್ದಳು. ಅದು ಒಗೆದು ಒಗೆದು ಬೆಣ್ಣೆಯಂತಾಗಿತ್ತು. ಅದರ ಸೆರಗು ಕತ್ತರಿಸಿ ಹೊಲಿದಿದ್ದೆ. ಕೂಸಿಗೆ ಮೊದಲು ತಾಕುವ ಬಟ್ಟೆ ಹೊಸದಿರಬಾರದು, ಮನೆಯ ಹೆಂಗಸು ಉಟ್ಟು ಮೆತ್ತಗಾದದ್ದಿರಬೇಕು ಎಂಬುದು ನಮ್ಮ ಕಡೆಯ ಮಾತು.

ಅಳಿಯನ ಬಾಡಿಗೆ ಮನೆ ವಿಶಾಖಪಟ್ಟಣದ ಅಂಚಿಗಿರುವ ಪೆಂದುರ್ತಿಯಲ್ಲಿ. ನಾನು ಹೋದ ಕೆಲವೇ ದಿನಕ್ಕೆ ಅವರು ಹಡಗು ಹತ್ತಿದರು. ಹಡಗು ಹತ್ತಿದರೆ ಫೋನಿಲ್ಲ, ಪತ್ತೆಯಿಲ್ಲ. ಹೋಗುವ ಮುಂಚೆ ನನ್ನ ಹಳೇ ಫೋನು ತೆಗೆದಿಟ್ಟು ಒಂದು ಗಾಜಿನ ಫೋನು ಕೈಗಿಟ್ಟರು. ಇದರಲ್ಲಿ ಮಗಳ ಮುಖ ಕಾಣುತ್ತದೆ ಅತ್ತಿ ಎಂದರು. ಪಾಪ, ಒಳ್ಳೇ ಮನಸ್ಸಿನಿಂದಲೇ ಕೊಟ್ಟದ್ದು. ಹಳೇ ಫೋನಿಗೆ ಗುಂಡಿಗಳಿದ್ದವು, ಒತ್ತಿದರೆ ಒತ್ತಿದ್ದು ಬೆರಳಿಗೆ ತಿಳಿಯುತ್ತಿತ್ತು. ಇದಕ್ಕೆ ಒತ್ತಿದರೂ ಅಷ್ಟೇ, ತಿವಿದರೂ ಅಷ್ಟೇ. ಆ ಮನೆಯ ಒಲೆಯೂ ಗಾಜೇ. ಬೆಂಕಿಯಿಲ್ಲ, ಕಿವಿ ತಿರುವಲು ಒಂದು ಬಿರಡೆಯೂ ಇಲ್ಲ. ನಾನು ಮುಟ್ಟಿದರೆ ಸತ್ತ ಹಾಗೆ ಬಿದ್ದಿರುತ್ತಿತ್ತು. ಒಂದು ಕಪ್ಪು ಹಾಲು ಕಾಸಲು ಪಕ್ಕದ ಮನೆಯಾಕೆಯನ್ನು ಕರೆಯಬೇಕು. ನಲವತ್ತು ಮಂದಿಗೆ ಅಡಿಗೆ ಮಾಡಿ ಹಾಕಿದ ಕೈ ಇದು. ಒಲೆಯ ಮುಂದೆ ನಿಂತು ಹಾಲಿಗೆ ಬೇರೆಯವರ ಬೆರಳು ಬೇಡುವುದೆಂದರೆ ಹೇಗಾಗುತ್ತದೆ ಹೇಳಿ.

ಪಕ್ಕದ ಮನೆಯಾಕೆ ತೆಲುಗಿನವರು, ನಗುನಗುತ್ತ ಬರುವವರು, ಹಿಂದಿ ತೆಲುಗು ಕಲಸಿ ನನ್ನೊಡನೆ ಮಾತಾಡುವವರು. ಅವರಿಗೆ ಒಂದೇ ಅನುಮಾನ: ನಿಮ್ಮ ಮಗಳು ನಿಮ್ಮನ್ನು ಯಾಕೆ ಮುದುಕಿ ಅಂತ ಕರೆಯುತ್ತಾಳೆ? ನಮ್ಮಲ್ಲಿ ತಾಯಿಗೆ ಅವ್ವ ಅನ್ನುತ್ತೇವಲ್ಲ, ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿಯಂತೆ. ಇನ್ನೇನು, ಸ್ವಲ್ಪ ದಿನದಲ್ಲಿ ಎರಡು ಭಾಷೆಯಲ್ಲೂ ಅವ್ವ ಆಗುತ್ತೇನೆ ಎಂದು ನಕ್ಕಿದ್ದೆ.

ಆ ಸ್ವಲ್ಪ ದಿನವೂ ಕೂಸಿಗೆ ಹಿಡಿಸಲಿಲ್ಲ. ಮಗಳು ಇನ್ನೂ ರಜೆ ಹಾಕುವ ಮುಂಚೆಯೇ, ಒಂದು ಮುಂಜಾನೆ, ಫೋನು ಹೊಡೆದುಕೊಂಡಿತು. ಗಾಜಿನ ಮೇಲೆ ಮಗಳ ಪಟ. ಹಸಿರು ಗುಂಡಿಯನ್ನು ಮೇಲಕ್ಕೆ ಸರಿಸಬೇಕೆಂದು ಕಲಿಸಿದ್ದರು. ಸರಿಸಿದೆ. ಸರಿಯಲಿಲ್ಲ. ಸೀರೆಗೆ ಬೆರಳು ಉಜ್ಜಿ ಮತ್ತೆ ಸರಿಸಿದೆ. ಹೆಬ್ಬೆರಳು ಹಾಕಿದೆ, ಕಿರುಬೆರಳು ಹಾಕಿದೆ. ಅದು ಬಡಕೊಳ್ಳುತ್ತಲೇ ಇತ್ತು, ನಾನು ತಿಕ್ಕುತ್ತಲೇ ಇದ್ದೆ, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಕಡೆಗೆ ಫೋನು ಹಿಡಿದು ಪಕ್ಕದ ಮನೆಗೆ ಓಡಿದೆ. ಆಕೆ ಹಿಟ್ಟು ನಾದುತ್ತಿದ್ದ ಕೈ ಒರೆಸಿಕೊಂಡು ಒಂದು ಬೆರಳಿನಿಂದ ಹೀಗೆ ಅಂದರು, ಅಷ್ಟೇ. ಫೋನು ಅವರ ಮುಖದ ಮುಂದೆಯೇ ತೆರೆಯಿತು. ಅವರ ಬಾಯಿ ಅಗಲವಾಯಿತು, ಕಣ್ಣಲ್ಲಿ ನೀರು ಬಂತು, ಪಾಪ ಪಾಪ ಎನ್ನತೊಡಗಿದರು. ಏನೋ ಕೆಟ್ಟದ್ದಾಗಿದೆ, ಅಯ್ಯೋ ಪಾಪ ಅನ್ನುತ್ತಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿಯಿತು, ಪಾಪ ಅಂದರೆ ಅವರಲ್ಲಿ ಹೆಣ್ಣುಕೂಸು. ನನ್ನ ಕೈಗೆ ಫೋನು ಬರುವಷ್ಟರಲ್ಲಿ ಪಟ ಕಲಸಿಹೋಗಿ ನಿಂತುಬಿಟ್ಟಿತು.

ನನ್ನ ಮೊಮ್ಮಗಳ ಮುಖ ನನಗಿಂತ ಮೊದಲು ನೋಡಿದಾಕೆ ಪಕ್ಕದ ಮನೆಯಾಕೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಫೋನಿನಲ್ಲಿ ಕೇಳಿಕೊಂಡ ಆಸ್ಪತ್ರೆಯ ಹೆಸರನ್ನು ಬರೆದುಕೊಟ್ಟವರು ಆಕೆ, ಅದೇ ದಿನ ನನ್ನನ್ನು ವಿಜಯವಾಡದ ರೈಲಿಗೆ ಹತ್ತಿಸಿದ್ದು ಆಕೆಯ ಗಂಡ. ಆದರೆ ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಆ ಫೋನನ್ನು ಚೀಲದ ತಳಕ್ಕೆ, ಜೋಳದ ಹಿಟ್ಟಿನ ಕೆಳಗೆ ಹೂತು ಕೂತಿದ್ದೆ. ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಕೂಸನ್ನು ಕಣ್ಣಿಂದ ನೋಡುತ್ತೇನೆ, ಕೈಯಿಂದ ಎತ್ತುತ್ತೇನೆ, ಕುಂಚಿಗೆ ನಾನೇ ಕಟ್ಟುತ್ತೇನೆ. ಅಷ್ಟಾದರೆ ಸಾಕಿತ್ತು ನನಗೆ.

ಆಸ್ಪತ್ರೆಗೆ ಮುಟ್ಟಿದಾಗ ಸಂಜೆ. ನೋಡಲು ಬಂದವರನ್ನು ಬಿಡುವ ಹೊತ್ತು ಇನ್ನೇನು ಮುಗಿಯುತ್ತಿತ್ತು. ಬಾಗಿಲ ಬಳಿ ಎದೆಯೆತ್ತರದ ಒಂದು ಡಬ್ಬಿ, ಅದರ ಮುಖವೆಲ್ಲ ಗಾಜು. ಇಲ್ಲಿಗೂ ಬಂದು ಕೂತಿದ್ದೀಯಾ ಎಂದುಕೊಂಡೆ. ಚೀಲ ಇಳಿಸಿ, ದಣಿವಿಗೆ ಆ ಡಬ್ಬಿಯ ಅಂಚಿಗೆ ಕೈಯೂರಿ ನಿಂತೆ. ದಪ್ಪ ಮೀಸೆಯ ಕಾವಲಿನವನು ಎದ್ದು ಬಂದು, ನನ್ನ ಕೈ ನೋಡಿ, ಮುಟ್ಟುಕೋಂಡಿ ಅಮ್ಮಾ, ಮುಟ್ಟುಕೋಂಡಿ ಎಂದ.

ನಮ್ಮ ಕಡೆ ಮುಟ್ಟಿಕೊಂಡಿ ಅಂದರೆ, ಮುಟ್ಟಿಬಿಟ್ಟೆಯಾ ಎಂದು ಏಕವಚನದಲ್ಲಿ ಗದರಿಸಿದ ಹಾಗೆ. ಕೈ ತಟ್ಟನೆ ಸೆರಗಿನೊಳಗೆ ಎಳೆದುಕೊಂಡೆ. ನಾ ಏನೂ ಮುಟ್ಟಿಲ್ಲ ಎಂದೆ. ಅವನು ಇನ್ನೂ ಮೆತ್ತಗೆ, ಇನ್ನೂ ಬಾಗಿ, ಮತ್ತೆ ಅದನ್ನೇ ಅಂದ. ನಾನು ಕೈಯನ್ನು ಇನ್ನೂ ಒಳಗೆ ಸೇರಿಸಿದೆ. ಅವನು ಬೇಡುತ್ತಿದ್ದ, ನಾನು ಅಡಗಿಸುತ್ತಿದ್ದೆ. ಹಿಂದೆ ಸಾಲಿನಲ್ಲಿ ನಿಂತವರು ನಗತೊಡಗಿದರು.

"ಹಡದ ಮಗಳನ್ನ ನೋಡಾಕ ಬಂದೇನೋ ಯಪ್ಪಾ, ನಿನ್ನ ಡಬ್ಬಿ ಹೊತ್ತುಕೊಂಡು ಹೋಗಾಕಲ್ಲ."

ಕನ್ನಡ ಅವನಿಗೆ ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಮಾತು ಬಿಟ್ಟು ತಾನೇ ಗಾಜನ್ನು ಮುಟ್ಟಿ ತೋರಿಸಿದ. ಮುಟ್ಟು ಎನ್ನುತ್ತಿದ್ದಾನೆಯೇ ಹೊರತು ಮುಟ್ಟಿದೆ ಎಂದು ಬೈಯುತ್ತಿಲ್ಲ ಎಂದು ಆಗ ಹೊಳೆಯಿತು. ಮಗಳ ಹೆಸರು ಕೇಳಿ ಅವನೇ ಹುಡುಕಿಕೊಟ್ಟ. ಆದರೆ ಕಡೆಯ ಗುಂಡಿಯನ್ನು ಬಂದವರೇ ಮುಟ್ಟಬೇಕು, ಮುಟ್ಟಿದವರ ಮುಖವನ್ನು ಮೇಲಿನ ಕ್ಯಾಮೆರಾ ಹಿಡಿದುಕೊಂಡ ಮೇಲೆಯೇ ಚೀಟಿ ಬರುವುದು. ಕೂಸು ಕದಿಯುವವರು ಇರುತ್ತಾರಂತೆ, ಅದಕ್ಕೆ ಈ ಕಾಯಿದೆ. ಇರಲಿ, ಒಪ್ಪುತ್ತೇನೆ. ಮುಟ್ಟಿದೆ.

ಏನೂ ಆಗಲಿಲ್ಲ. ಮತ್ತೆ ಮುಟ್ಟಿದೆ, ಒತ್ತಿದೆ, ಉಗುರಿನಿಂದ ಕುಕ್ಕಿದೆ. ಆ ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಬೆರಳು ಕಾಣುತ್ತಿತ್ತು, ಆದರೂ ಅದಕ್ಕೆ ನಾನು ಬಂದದ್ದೇ ಗೊತ್ತಿಲ್ಲ. ನನ್ನ ಮಗಳು ಎರಡು ಮಾಳಿಗೆ ಮೇಲೆ ಹಡೆದು ಮಲಗಿದ್ದಾಳೆ, ನಾನು ಇಲ್ಲಿ ನಿಂತಿದ್ದೇನೆ, ಮತ್ತು ಈ ಗಾಜಿನ ಲೆಕ್ಕದಲ್ಲಿ ಬಾಗಿಲಿಗೆ ಯಾರೂ ಬಂದೇ ಇಲ್ಲ. ಮನುಷ್ಯರು ಒಳಗೆ ಬಿಡುವುದಿಲ್ಲ ಎಂದರೆ ಜಗಳವಾಡಬಹುದು, ಕಾಲು ಹಿಡಿಯಬಹುದು. ಇದರ ಜೊತೆ ಏನು ಆಡುತ್ತೀರಿ? ಒಳಗೆ ಹೋದವರು ಆಗಲೇ ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಹೊತ್ತು ಮುಗಿದರೆ ಇನ್ನು ನಾಳೆಯೇ.

ಆಗ ಕಾವಲಿನವನು ನನ್ನ ಬೆರಳನ್ನೇ ದಿಟ್ಟಿಸಿ ನೋಡಿ, "ತಡಿ, ಅಮ್ಮಾ, ತಡಿ," ಎಂದ.

ಆ ಒಂದು ಮಾತಿಗೆ ಸಿಟ್ಟು ನೆತ್ತಿಗೇರಿತು. ತಡಿ! ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು. ಎಲ್ಲರ ಊಟವಾಗಲಿ, ತಡಿ. ಗಿರಾಕಿ ಏಳಲಿ, ತಡಿ. ಮಗಳಿಗೆ ಮಕ್ಕಳಾಗಲಿಲ್ಲವೆಂದು ದೇವರು ದಿಂಡರು ಡಾಕ್ಟರು ಎಲ್ಲರ ಬಳಿ ಹೋದರೂ ಅದೇ, ತಡಿ. ಈಗ ಇವನೂ.

"ಇನ್ನ ಎಷ್ಟು ತಡೀಲೋ? ಕೂಸು ಹುಟ್ಟೂ ತನಕಾ ತಡದೇನಿ. ಇನ್ನ ಒಂದು ಗಳಿಗಿ ತಡಿಯಾಂಗಿಲ್ಲ ನಾ. ನೀ ತಡಿ ಬೇಕಾರ."

ಅವನು ಹೌದು ಹೌದೆಂದು ತಲೆಯಾಡಿಸಿದ. ತಡಿ, ತಡಿ ಎನ್ನುತ್ತ ತನ್ನ ಕುಡಿಯುವ ನೀರಿನ ಬಾಟಲಿ ತಂದು, ನನ್ನ ಕೈ ಹಿಡಿದು, ಬೆರಳ ಮೇಲೆ ನೀರು ಸುರಿದ. ನನಗೆ ಏನನ್ನಿಸಿರಬೇಕು ನೀವೇ ಯೋಚಿಸಿ. ಕೈ ಹೊಲಸಾಗಿದೆ, ತೊಳೆದುಕೋ ಎಂದ ಹಾಗಾಯಿತು. ಕೈ ಕಿತ್ತುಕೊಂಡವಳೇ, ಹಿಟ್ಟಿನ ಉಂಡೆಗೆ ಮೊದಲ ಏಟು ಹಾಕುತ್ತೇವಲ್ಲ, ಹಾಗೆ ಆ ಗಾಜಿನ ಕಪಾಳಕ್ಕೆ ಒಂದು ಬಿಗಿದೆ.

ಟಿಣ್ ಎಂದಿತು. ಚೀಟಿ ಹೊರಗೆ ಬಂತು. ಸಾಲಿನಲ್ಲಿದ್ದವರು ಬಾಯಿ ಮುಚ್ಚಿದರು. ಏಟು ಬಿದ್ದ ಮೇಲೆ ಬುದ್ಧಿ ಬಂತು ನೋಡು ಎಂದುಕೊಂಡು, ಚೀಲ ಎತ್ತಿ, ಹಿಂದೆ ತಿರುಗಿ ನೋಡದೆ ಮೆಟ್ಟಿಲು ಹತ್ತಿದೆ.

ಮಗಳು ಮಲಗಿದ್ದಳು, ಮುಖ ಬಿಳಿಚಿತ್ತು. ಫೋನ್ಯಾಕ ಎತ್ತಲಿಲ್ಲ ಅವ್ವ, ಎಷ್ಟ ಸಲ ಮಾಡಿದೆ ಎಂದಳು. ಕೂಸು ಪಕ್ಕದಲ್ಲಿತ್ತು. ಕರಿ ಎಳ್ಳಿನಷ್ಟು ಹುಬ್ಬು, ಹಿಂಡಿದ ಹಾಗಿನ ಮೂಗು, ಯಾರ ಮೇಲೋ ಜಗಳ ಮಾಡಿ ಬಂದವರಂತೆ ಬಿಗಿದ ಎರಡು ಮುಷ್ಟಿ. ನನ್ನದೇ ವಂಶ, ಸಂಶಯ ಬೇಡ. ಎತ್ತಿಕೊಂಡೆ. ಕುಂಚಿಗೆ ತಲೆಗೆ ಹಾಕಿ ಗದ್ದದ ಕೆಳಗೆ ಕಸಿದಾರ ಕಟ್ಟಿದೆ. ಬಿಸಿ ಲೋಟ ತಿಳಿಯದ ನನ್ನ ಬೆರಳಿಗೆ ಆ ಗಲ್ಲದ ಬಿಸಿ ತಿಳಿಯಿತು. ಮಗಳು ತಲೆದಿಂಬಿನ ಕೆಳಗಿನಿಂದ ತನ್ನ ಫೋನು ಎಳೆದಳು, ಅವ್ವ ಇಲ್ಲಿ ನೋಡು, ಫೋಟೋ ತೆಗೀತೀನಿ, ಹಡಗು ದಂಡಿಗೆ ಬಂದ ಕೂಡಲೇ ಅವರು ನೋಡ್ತಾರ ಎಂದಳು. ತಡಿ, ಮೊದಲು ನಾನು ಕಣ್ಣು ತುಂಬಾ ನೋಡಿಕೊಳ್ಳುತ್ತೇನೆ ಎಂದೆ.

ಆ ಹೊತ್ತಿಗೆ ಆಯಾ ಒಳಗೆ ಬಂದಳು. ಕೂಸಿನ ಕೆಳಗೆ ಕೈ ಹಾಕಿ ನೋಡಿ, ನನ್ನ ಕಡೆ ತಿರುಗಿ, "ತಡಿ, ಅಮ್ಮಾ, ತಡಿ," ಎಂದಳು.

ಮತ್ತೆ ತಡಿ! ನನ್ನ ಮೊಮ್ಮಗಳನ್ನು ನಾನು ಎತ್ತಿಕೊಂಡರೂ ತಡಿಯೇ? ಕೂಸನ್ನು ಎದೆಗೆ ಅವುಚಿಕೊಂಡು, ಕೊಡುವುದಿಲ್ಲ, ಏನು ಮಾಡುತ್ತೀ ಮಾಡು ಎಂದು ಅವಳಿಗೆ ಜೋರು ಮಾಡಿದೆ. ಮಾಡುತ್ತಿರುವಂತೆಯೇ ಹೊಟ್ಟೆಯ ಮೇಲಿನಿಂದ ತೊಡೆಯ ತನಕ ಬೆಚ್ಚಗೆ ಇಳಿಯಿತು. ಸೀರೆಯೆಲ್ಲ ತೊಯ್ದು ತೊಪ್ಪೆ. ಮಗಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ನಗಿಸಬೇಡ ಅವ್ವ, ನೋಯುತ್ತದೆ ಎಂದು ಅಳುತ್ತ ನಕ್ಕಳು.

"ತೆಲುಗಿನ್ಯಾಗ ತಡಿ ಅಂದ್ರ ಹಸಿ ಅವ್ವ. ಕೂಸು ಉಚ್ಚಿ ಹೊಯ್ದದ ಅಂತ ಹೇಳಾಕತ್ಯಾಳ ಆಕಿ."

ಹಸಿ. ಕೂಸನ್ನು ಆಯಾಳ ಕೈಗೆ ಕೊಟ್ಟು ಹಾಗೇ ಕೂತೆ. ಬೆರಳು ಹಸಿ ಮಾಡಿಕೋ ಎಂದಿದ್ದ ಆ ಮೀಸೆಯವನು. ಒಣ ತೊಗಲಿಗೆ ಏಳದ ಗಾಜು ಎಚ್ಚರಾದದ್ದು ನನ್ನ ಏಟಿಗಲ್ಲ, ಅವನ ನೀರಿಗೆ. ಅವನ ಊರಲ್ಲೂ ಕೈ ಸವೆದ ತಾಯಿಯೊಬ್ಬಳು ಇದ್ದಿರಬೇಕು, ಇಲ್ಲದಿದ್ದರೆ ಅಷ್ಟು ಬೇಗ ಹೇಗೆ ತಿಳಿಯುತ್ತಿತ್ತು? ಅವನು ನೀರೆರೆದ, ನಾನು ಬೈದು ಬಂದೆ. ಅಂದರೆ ಸಿಟ್ಟೆಲ್ಲ ತಪ್ಪು ಕಡೆ ಹೋಗಿತ್ತು. ಅದನ್ನು ಹೊರಳಿಸಿ ಪೂರ್ತಿ ಗಾಜಿನ ಮೇಲೆಯೇ ಇಟ್ಟೆ, ಈಗಲೂ ಅಲ್ಲೇ ಇದೆ. ಮೂರು ಹೊತ್ತು ನೀರು ಮುಟ್ಟುವ, ಹಿಟ್ಟು ಮುಟ್ಟುವ, ಬೆಂಕಿ ಮುಟ್ಟುವ ಕೈಗಳೇ ತುಂಬಿದ ದೇಶದಲ್ಲಿ, ಮೆತ್ತನೆ ಬೆರಳನ್ನಷ್ಟೇ ಬೆರಳು ಎನ್ನುವ ಬಾಗಿಲು ಯಾಕೆ ಮಾಡುತ್ತಾರೆ? ಮಾಡುವ ಮುಂಚೆ ತಮ್ಮ ಅವ್ವನ ಕೈಯನ್ನಾದರೂ ಒಮ್ಮೆ ಹಿಡಿದು ನೋಡಬಾರದೇ?

ಮರುದಿನ ಮಗಳ ಮನೆಯಲ್ಲಿ ಅಂಟಿನ ಉಂಡಿ ಕಟ್ಟಿಕೊಂಡು ಆಸ್ಪತ್ರೆಗೆ ಬಂದೆ. ಕಾವಲಿನವನು ನನ್ನನ್ನು ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿದ, ಮತ್ತೊಂದು ಏಟು ಗಾಜಿಗೋ ತನಗೋ ಎಂದು. ಬಾಣಂತಿಯ ಪಾಲಿನಿಂದ ಒಂದು ಉಂಡಿ ತೆಗೆದು ಅವನ ಕೈಗಿಟ್ಟು, ನಾನೇ ಕೈ ಚಾಚಿ, "ತಡಿ," ಎಂದೆ. ಅವನು ಮೀಸೆಯೊಳಗೇ ನಕ್ಕು ಬಾಟಲಿ ಬಗ್ಗಿಸಿದ.

ಗಾಜಿಗೆ ಮಾತ್ರ ಏನೂ ಕೊಡಲಿಲ್ಲ. ಚೀಟಿ ಹರಿದುಕೊಂಡ ಮೇಲೆ ಒದ್ದೆ ಬೆರಳಿನಿಂದ ಅದರ ಹಣೆಯಿಂದ ಗದ್ದದ ತನಕ ಉದ್ದಕ್ಕೆ ಒಂದು ಗೀರು ಎಳೆದೇ ಒಳಗೆ ಹೋದೆ. ಒರೆಸಿಕೊಳ್ಳಲಿ ಬೇಕಾದರೆ.