ಅಜ್ಜಿಯ ಕಣದಲ್ಲಿ ಬೀಚ್ ವಾಲಿಬಾಲ್

ಪಣಕಹಳ್ಳಿಯಲ್ಲಿ ನಿಂತು ಯಾವ ದಿಕ್ಕಿಗೆ ಉಗಿದರೂ ಸಮುದ್ರಕ್ಕೆ ಬೀಳುವುದಿಲ್ಲ. ಅಂಥ ಊರಿನ ನಾವಿಬ್ಬರು, ನಾನೂ ನನ್ನ ಚಿಕ್ಕಪ್ಪನ ಮಗಳೂ, ಘಟ್ಟದ ಕೆಳಗೆ ತಮಿಳು ಸೀಮೆಯಲ್ಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಹೆಂಗಸರ ಬೀಚ್ ವಾಲಿಬಾಲ್ ತಂಡ ಬೇಕೇ ಬೇಕು ಎಂದು ಹಟ ಹಿಡಿದೆವು.

ಆಟದ ಮೇಲೆ ನಮಗೆ ಅಂಥ ಭಕ್ತಿಯೇನೂ ಇರಲಿಲ್ಲ. ಭಕ್ತಿಯೆಲ್ಲ ಹಾಸ್ಟೆಲಿನ ಮೇಲೆ. ವಾಲಿಬಾಲ್ ಆಡುತ್ತೇವೆಂದೇ ನಮಗೆ ಅಲ್ಲಿ ಜಾಗ ಸಿಕ್ಕಿತ್ತು. ಆದರೆ ಆರು ಜನರ ತಂಡದಲ್ಲಿ ಕೆಳನಾಡಿನ ಉದ್ದನೆಯ ಹುಡುಗಿಯರೇ ತುಂಬಿಕೊಂಡಿದ್ದರು. ನಾವು ಕುಳ್ಳಿಯರು ಬೆಂಚಿನ ಮೇಲೆ ಕೂತು ಅವರ ನೀರಿನ ಬಾಟಲಿ ಕಾಯುತ್ತಿದ್ದೆವು. ಬೆಂಚಿನವರು ವರ್ಷ ಮುಗಿಯುತ್ತಲೇ ಹಾಸ್ಟೆಲ್ ಖಾಲಿ ಮಾಡಬೇಕು ಎಂದು ಅಪ್ಪಣೆಯಾಯಿತು. ಹಾಸ್ಟೆಲ್ ಬಿಟ್ಟರೆ ಮನೆ. ಓದು ನಿಂತು ಮನೆಗೆ ಬಂದ ಹುಡುಗಿಗೆ ನಮ್ಮಲ್ಲಿ ಒಂದೇ ಕೆಲಸ, ಕಾಫಿ ತಟ್ಟೆ ಹಿಡಿದು ಗಂಡಿನ ಕಡೆಯವರ ಮುಂದೆ ನಿಲ್ಲುವುದು.

ಆಗಲೇ ಹಾಸ್ಟೆಲಿನ ಟೀವಿಯಲ್ಲಿ ಬೀಚ್ ವಾಲಿಬಾಲ್ ನೋಡಿದ್ದು. ಒಂದು ಕಡೆಗೆ ಇಬ್ಬರೇ! ಬೆಂಚೇ ಇಲ್ಲ! ಇದು ನಮಗೆಂದೇ ಹುಟ್ಟಿದ ಆಟ ಅನ್ನಿಸಿತು.

ವಿಶ್ವವಿದ್ಯಾಲಯದ ಹಿರಿಯರು ಸಭೆ ಸೇರಿದರು. ನಾವು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆವು. ಸಮುದ್ರವೆಲ್ಲಿದೆ ಎಂದು ಒಬ್ಬರು ಕೇಳಿದರು. ಟೇಬಲ್ ಟೆನಿಸ್ ಶುರುಮಾಡುವಾಗ ಊಟದ ಮೇಜು ಎಲ್ಲಿದೆ ಎಂದು ಅವರೇ ಕೇಳಿರಲಿಕ್ಕಿಲ್ಲ. ಉಳಿದ ಸಭೆಯೆಲ್ಲ ಬಟ್ಟೆಗೆ ಹೋಯಿತು. ಚಡ್ಡಿಯ ಉದ್ದದ ಬಗ್ಗೆ ಅಷ್ಟು ಹೊತ್ತು ಮಾತಾಡಿದ ಗಂಡಸರನ್ನು ನಾನು ದರ್ಜಿಯ ಅಂಗಡಿಯಲ್ಲೂ ಕಂಡಿಲ್ಲ. ಕೊನೆಗೆ, ಸಂಕ್ರಾಂತಿ ರಜೆಯಲ್ಲಿ ವ್ಯಾಯಾಮದ ಮೇಷ್ಟರು ನಮ್ಮ ಊರಿಗೇ ಹೋಗಿ, ಹುಡುಗಿಯರಿಗೆ ಆಟ ಬರುತ್ತದೆಯೇ, ಮನೆಯವರು ಒಪ್ಪುತ್ತಾರೆಯೇ ಎಂದು ನೋಡಿ ಬರಲಿ, ಆಮೇಲೆ ತೀರ್ಮಾನ ಎಂದಾಯಿತು.

ರಜೆಗೆ ಬಂದ ನಮಗೆ ಅಭ್ಯಾಸಕ್ಕೆ ಮರಳು ಬೇಕಿತ್ತು. ಹಳ್ಳದ ಮರಳು ತರೋಣವೆಂದರೆ ಕಾಡಿನ ವಾಚರು ಬಿಡಲಿಲ್ಲ. ಹಿತ್ತಲಲ್ಲಿ ಅಜ್ಜಿಯ ಕಣವಿತ್ತು. ಸಗಣಿ ಸಾರಿಸಿ, ರಾಗಿ ಒಕ್ಕಣೆಗೆ ಸಿದ್ಧವಾಗಿತ್ತು. ಪಕ್ಕದಲ್ಲೇ ಹೋದ ವರ್ಷದ ರಾಗಿ ಹೊಟ್ಟಿನ ಗುಡ್ಡೆ. ಕಾಲು ಹೂತುಹೋಗುವುದು ತಾನೆ ಮುಖ್ಯ ಎಂದು ಹೊಟ್ಟನ್ನೆಲ್ಲ ಕಣದ ತುಂಬ ಹರಡಿ, ಹಗ್ಗ ಕಟ್ಟಿ ಆಡಿದೆವು. ಮರಳಿಗೆ ಮೈ ತುರಿಸುವುದಿಲ್ಲ, ಹೊಟ್ಟಿಗೆ ತುರಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

"ಲಕ್ಷ್ಮಿ ಬಂದು ಕೂರೋ ಜಾಗ್ದಲ್ಲಿ ಕುಣೀತಿದ್ದೀರಲ್ಲ, ನಿಮ್ಗೇನ್ ಬಂದದೆ ಕಣ್ರಮ್ಮಿ?" ಎಂದು ಅಜ್ಜಿ ಪೊರಕೆ ಹಿಡಿದು ಅಟ್ಟಿದಳು. ಅವಳು ಹೊಟ್ಟು ಗುಡಿಸಿ ಹಾಕುವುದು, ನಾವು ಮತ್ತೆ ಹರಡುವುದು. ರಜೆಯೆಲ್ಲ ಹೀಗೇ ನಡೆಯಿತು.

ಮೇಷ್ಟರು ಬಿಳಿ ಬೂಟು ಹಾಕಿಕೊಂಡು ಬಸ್ಸಿಳಿದರು. ನೇರವಾಗಿ ಕಣಕ್ಕೇ ಕಾಲಿಟ್ಟರು.

"ಏ ಸಾಮಿ, ಚಪ್ಲಿ ಬುಟ್ಟು ಬನ್ನಿ. ಕಣ ಅದು," ಎಂದಳು ಅಜ್ಜಿ.

ಮೇಷ್ಟರು ತಮಿಳಿನಲ್ಲಿ, ಇದು ಚಪ್ಪಲಿಯಲ್ಲ, ಬೂಟು ಎಂದರು.

"ಯಾವ್ದಾದ್ರೂ ಆಗ್ಲಿ, ಬುಡಿ."

ಬಿಟ್ಟರು. ಬರಿಗಾಲಿನಲ್ಲಿ, ಚೆಂಡು ಹೊಡೆಯುವುದು ಹೇಗೆಂದು ನಮಗೆ ತೋರಿಸಲು ಹಾರಿ, ಹೊಟ್ಟಿನೊಳಗೆ ಮುಖ ಅಡಿಯಾಗಿ ಬಿದ್ದರು. ಆಮೇಲೆ ನಾವು ಆಡಿದ್ದನ್ನು ಕುತ್ತಿಗೆ ಕೆರೆದುಕೊಳ್ಳುತ್ತ ನೋಡಿದರು.

ಜಗಲಿಯ ಮೇಲೆ ಕಾಫಿ ಕೊಡಿಸಿದ ಅಪ್ಪ ಬಟ್ಟೆಯ ಮಾತು ತೆಗೆದರು. ಸಭೆಯಲ್ಲಿ ಇನ್ನೂ ಚರ್ಚೆಯಲ್ಲಿದೆ ಎಂದರು ಮೇಷ್ಟರು, ಕೆರೆದುಕೊಳ್ಳುತ್ತಲೇ. ಅಪ್ಪ ನೆಲ ನೋಡಿ, "ಬ್ಯಾಡ ಬುಡಿ ಸಾರ್," ಎಂದರು. ಕಾಫಿ ತಟ್ಟೆ ನನ್ನ ಕೈಯಲ್ಲೇ ಇತ್ತು.

ಒಳಗಿಂದ ಅಜ್ಜಿ ಬಂದಳು. "ಯಾಕ್ಲಾ ಬ್ಯಾಡ? ಕಳೆ ಕೀಳುವಾಗ ನಾನೂ ಸೀರೆಯ ಮಂಡಿಗಂಟ ಎತ್ತಿ ಕಟ್ತಿದ್ದೆ. ನಿಮ್ಮಪ್ಪ ಅದೇ ಒಲದ್ ಬದೀಲಿ ಬೀಡಿ ಸೇದ್ಕಂಡ್ ಕೂತಿದ್ದ. ಯಾರ್ ಮಾನ ಓಯ್ತ್ಲಾ?" ಆಮೇಲೆ ಮೇಷ್ಟರ ಕಡೆ ತಿರುಗಿದಳು. "ಸಾಮಿ, ಇವ್ಳುಗಳ್ಗೆ ನಿಮ್ಮೂರಲ್ಲೇ ಒಂದು ಕಣ ಮಾಡ್ಕೊಡಿ. ನನ್ ಕಣ ನನ್ಗೆ ಬುಟ್ಬುಡಿ."

ಹೆಣ್ಣುಮಕ್ಕಳ ಏಳಿಗೆ ಅವಳ ತಲೆಯಲ್ಲಿ ಎಳ್ಳಷ್ಟೂ ಇರಲಿಲ್ಲ. ಇದ್ದದ್ದು ರಾಗಿ. ಆದರೆ ಅವಳ ಮುಂದೆ ಅಪ್ಪ ಎಂದೂ ಎರಡನೇ ಮಾತಾಡಿದವರಲ್ಲ.

ಮೇಷ್ಟರು ಏನು ವರದಿ ಕೊಟ್ಟರೋ, ಆಟ ಮಂಜೂರಾಯಿತು. ಕಟ್ಟಡ ಕಟ್ಟಿ ಮಿಕ್ಕ ಮರಳನ್ನು ಹಾಸ್ಟೆಲಿನ ಹಿಂದೆ ಸುರಿದು ಅದಕ್ಕೆ ಬೀಚ್ ಎಂದು ಹೆಸರಿಟ್ಟರು. ಉದ್ದನೆಯ ಪ್ಯಾಂಟು ತೊಟ್ಟು ಬೆವರಿಳಿಸಿಕೊಂಡು ಆಡಿದೆವು. ಹೋದಲ್ಲೆಲ್ಲ ಸೋತೆವು. ಆದರೆ ಹಾಸ್ಟೆಲಿನಲ್ಲೇ ಇದ್ದುಕೊಂಡು ಸೋತೆವು.

ಮುಂದಿನ ಸಂಕ್ರಾಂತಿಗೆ ಊರಿಗೆ ಬರುವಾಗ ನಮ್ಮ ಬಸ್ಸು ದಾರಿಯುದ್ದಕ್ಕೂ ರಾಗಿ ತೆನೆಯ ಮೇಲೇ ಓಡಿತು. ಊರವರೆಲ್ಲ ತೆನೆಯನ್ನು ಟಾರು ರಸ್ತೆಗೆ ಹರಡಿದ್ದರು. ಬಸ್ಸು, ಲಾರಿ ಹಾದು ಹೋಗುತ್ತ ಬಿಟ್ಟಿಯಾಗಿ ಒಕ್ಕಣೆ ಮಾಡಿಕೊಡುತ್ತಿದ್ದವು. ಅಪ್ಪನೂ ಅಲ್ಲೇ ಹರಡಿದ್ದರು. ಅಜ್ಜಿಯ ಕಣ ಅವಳಿಗೇ ಸಿಕ್ಕಿತ್ತು, ಆದರೆ ಅಲ್ಲಿ ಒಕ್ಕುವುದಕ್ಕೆ ಒಂದು ತೆನೆಯೂ ಇರಲಿಲ್ಲ.

ಹಿತ್ತಲಿಗೆ ಹೋದೆವು. ಕಣ ಸಾರಿಸಿತ್ತು. ಹಗ್ಗ ಕಟ್ಟಿತ್ತು. ರಸ್ತೆ ಬದಿಯಿಂದ ಕುಕ್ಕೆಯಲ್ಲಿ ಹೊತ್ತು ತಂದ ಹೊಟ್ಟನ್ನು ಅಜ್ಜಿ ಕಣದ ತುಂಬ ಹರಡಿದ್ದಳು.

"ಆಡ್ರಮ್ಮಿ," ಎಂದಳು, ನಮ್ಮ ಮುಖ ನೋಡದೆ. "ಸುಮ್ನೆ ಬಿದ್ದಿದ್ರೆ ಉಲ್ಲು ಎದ್ಬುಡ್ತದೆ."

ನನಗೆ ಅಳು ಬಂತು. ಚಪ್ಪಲಿ ಬಿಟ್ಟು ಇಳಿದೆವು. ಕತ್ತಲಾಗುವವರೆಗೂ ಕೆರೆದುಕೊಳ್ಳುತ್ತ ಆಡಿದೆವು. ಅಜ್ಜಿ ಪೊರಕೆ ಹಿಡಿದು ಅಂಚಿನಲ್ಲೇ ಕೂತಿದ್ದಳು. ನಮ್ಮ ಕಾಲಿಗೆ ಸಿಕ್ಕಿ ಆಚೆ ಚೆಲ್ಲಿದ ಹೊಟ್ಟನ್ನು ಮತ್ತೆ ಮತ್ತೆ ಕಣದೊಳಗೆ ಗುಡಿಸಿ ಹಾಕುತ್ತಿದ್ದಳು.